ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್: ಲ್ಯುಕೇಮಿಯಾ ರೋಗಿ ಇರುವ ಮನೆಗೆ ಇದು ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು. ಶುಗರ್, ಥೈರಾಯ್ಡ್ ನೋಡಿಸುವವರಾದರೆ ನಾಲ್ಕೂವರೆ ಕೊಡಬಹುದು. ಆದರೆ ನಮ್ಮ ಮನೆಯ ಕಥೆ ಬೇರೆ. ದೊಡ್ಡಪ್ಪನಿಗೆ 70 ದಾಟಿದೆ, ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಬೇಗ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಈ ವಯಸ್ಸಿಗೆ ಜೋರಾದ ಕೀಮೋ ತಡೆಯಲ್ಲ ಅಂತ ಅಜಾಸಿಟಿಡಿನ್ ಇಂಜೆಕ್ಷನ್, ಜೊತೆಗೆ ವೆನೆಟೊಕ್ಲಾಕ್ಸ್ ಮಾತ್ರೆ ಕೊಡುತ್ತಿದ್ದಾರೆ. ಶುರುವಿನಲ್ಲಿ ಆಸ್ಪತ್ರೆಯಲ್ಲಿದ್ದರು, ಆಮೇಲೆ ಮನೆ. ವಾರಕ್ಕೆ ಎರಡು ಸಲ ರಕ್ತ ಪರೀಕ್ಷೆ ಆಗಲೇಬೇಕು. ಆಸ್ಪತ್ರೆ ಇರುವುದು ಊರಿನ ಆ ತುದಿಯಲ್ಲಿ. ಹಾಗಾಗಿ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಮನೆಗೇ ಬರುವ ದೊಡ್ಡ ಲ್ಯಾಬ್ ಒಂದನ್ನು ಹಿಡಿದೆವು. ಹೆಸರು ಹೇಳಲ್ಲ. ಇಲ್ಲಿ ಹೇಳುವುದು ಇಂಥ ಸೇವೆ ಬಳಸುವ ಎಲ್ಲರಿಗೂ ಬೇಕಾದ ವಿಷಯ.

ಒಳ್ಳೆಯದು ಮೊದಲು. ರಕ್ತ ತೆಗೆಯಲು ಬರುವ ಹುಡುಗಿಯ ಕೈ ಬಂಗಾರ. ಕೀಮೋ ಆದವರ ನರ ಸಿಗುವುದೇ ಕಷ್ಟ, ಆದರೂ ಸಣ್ಣ ಬಟರ್‌ಫ್ಲೈ ಸೂಜಿಯಲ್ಲಿ ಒಂದೇ ಸಲಕ್ಕೆ ತೆಗೆಯುತ್ತಾಳೆ. ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ಒಮ್ಮೆ ಹೇಳಿದ್ದಷ್ಟೇ, ಆಮೇಲೆ ಯಾವತ್ತೂ ಹತ್ತಿ ಇಟ್ಟು ತಕ್ಷಣ ಎದ್ದು ಹೋದವಳಲ್ಲ. ರಕ್ತ ಪೂರ್ತಿ ನಿಲ್ಲುವವರೆಗೆ ತಾನೇ ಒತ್ತಿ ಹಿಡಿದು ಕೂರುತ್ತಾಳೆ, ಅಷ್ಟೂ ಹೊತ್ತು ದೊಡ್ಡಪ್ಪ ಅವಳಿಗೆ ತಮ್ಮ ಸರ್ವೀಸಿನ ಕಾಲದ ಕಥೆ ಕೊರೆಯುತ್ತಾರೆ. ಬಿಳಿ ರಕ್ತಕಣ ನೆಲಕಚ್ಚಿರುವಾಗ ಕೆಮ್ಮುವವರ ಮಧ್ಯೆ ಕ್ಯೂನಲ್ಲಿ ಕೂರುವುದು ತಪ್ಪುತ್ತದಲ್ಲ, ಅದೊಂದಕ್ಕೇ ಎರಡು ಸ್ಟಾರ್ ಕೊಡಬಹುದು. ಹಳೆಯ ರಿಪೋರ್ಟ್‌ಗಳನ್ನೆಲ್ಲ ಸೇರಿಸಿ ಗ್ರಾಫ್ ತೋರಿಸುವುದೂ ಚೆನ್ನಾಗಿದೆ, ಡಾಕ್ಟರ್ ನಮ್ಮ ಫೋನ್ ಇಸಿದುಕೊಂಡು ಅದನ್ನೇ ನೋಡುತ್ತಾರೆ.

ಇನ್ನು ಬೈಯುವ ಭಾಗ. ಒಂದು ದಿನ ಬೆಳಿಗ್ಗೆ 7ಕ್ಕೆ ಸ್ಯಾಂಪಲ್ ಹೋಯಿತು. ಸಂಜೆಯೊಳಗೆ ರಿಪೋರ್ಟ್ ಅಂದಿದ್ದರು. ಬಂದಿದ್ದು ರಾತ್ರಿ 11ಕ್ಕೆ, ಅದೂ ಸುಮ್ನೆ ಒಂದು ಪಿಡಿಎಫ್. ತೆರೆದು ನೋಡಿದರೆ ಪ್ಲೇಟ್‌ಲೆಟ್ 9,000. ಇರಬೇಕಾದ್ದು ಒಂದೂವರೆ ಲಕ್ಷದ ಮೇಲೆ. 10,000ಕ್ಕಿಂತ ಕೆಳಗೆ ಹೋದರೆ ತಾನಾಗಿಯೇ ರಕ್ತಸ್ರಾವ ಆಗುವ ಭಯ ಇರುವುದರಿಂದ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸಿಬಿಡುತ್ತಾರೆ. ಆ 9,000ವನ್ನು ಕೆಂಪು ಅಕ್ಷರದಲ್ಲಿ ತೋರಿಸಿದ್ದರು, ನಿಜ. ಆದರೆ ಕೆಳಗೆ ವಿಟಮಿನ್ ಡಿ ಕಡಿಮೆ ಇದೆ ಅನ್ನುವುದನ್ನೂ ಅದೇ ಕೆಂಪಿನಲ್ಲಿ ತೋರಿಸಿದ್ದರು! ಒಂದು ಫೋನ್ ಇಲ್ಲ. ಲ್ಯಾಬ್‌ಗಳಿಗೆ ಎನ್‌ಎಬಿಎಲ್ ಅನ್ನುವ ಸಂಸ್ಥೆ ಮಾನ್ಯತೆ ಕೊಡುವುದು ಐಎಸ್‌ಒ 15189 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಅದರಲ್ಲಿ ಇಂಥ ಅಪಾಯದ ಫಲಿತಾಂಶ ಬಂದರೆ ಲ್ಯಾಬ್ ತಾನಾಗಿಯೇ ಕೂಡಲೇ ತಿಳಿಸಬೇಕು ಅಂತಲೇ ಇದೆ. ಆ ಮಾನ್ಯತೆಯ ಮುದ್ರೆ ಮಾತ್ರ ರಿಪೋರ್ಟಿನ ಮೇಲೆ ದೊಡ್ಡದಾಗಿ ಹಾಕಿಕೊಂಡಿದ್ದಾರೆ. ದೂರು ಕೊಟ್ಟಾಗ ಸಿಕ್ಕ ಉತ್ತರ, ಮುಂದಿನ ಬುಕಿಂಗ್‌ಗೆ ರಿಯಾಯಿತಿ ಕೂಪನ್.

ಇನ್ನೊಂದು ಸಲ ಪೊಟ್ಯಾಸಿಯಂ 6.4 ಅಂತ ಬಂತು, ತೀರಾ ಜಾಸ್ತಿ. ಈ ಕಾಯಿಲೆಯಲ್ಲಿ ಅದು ಸಣ್ಣ ವಿಷಯ ಅಲ್ಲ. ಔಷಧಕ್ಕೆ ಕ್ಯಾನ್ಸರ್ ಕಣಗಳು ಒಮ್ಮೆಲೇ ಒಡೆದರೆ ಒಳಗಿದ್ದ ಪೊಟ್ಯಾಸಿಯಂ, ಫಾಸ್ಫರಸ್ ಎಲ್ಲ ರಕ್ತಕ್ಕೆ ಸುರಿದು, ಯೂರಿಕ್ ಆಸಿಡ್ ಏರಿ, ಕಿಡ್ನಿ ಕೈಕೊಟ್ಟು, ಹೃದಯದ ಬಡಿತವೇ ತಪ್ಪಬಹುದು. ಟ್ಯೂಮರ್ ಲೈಸಿಸ್ ಅನ್ನುತ್ತಾರೆ. ರಾತ್ರೋರಾತ್ರಿ ಎಮರ್ಜೆನ್ಸಿಗೆ ಓಡಿದೆವು. ಅಲ್ಲಿ ಮತ್ತೆ ತೆಗೆದು ನೋಡಿದರೆ 4.1, ಮಾಮೂಲಿ! ರಿಪೋರ್ಟಿನ ಕೊನೆಯ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಸ್ಯಾಂಪಲ್ ಹಿಮೊಲೈಸ್ ಆಗಿದೆ ಅಂತ ಬರೆದಿತ್ತು. ಅಂದರೆ ರಕ್ತಕಣ ಒಡೆದದ್ದು ದೊಡ್ಡಪ್ಪನ ಮೈಯಲ್ಲಿ ಅಲ್ಲ, ಟ್ಯೂಬಿನಲ್ಲಿ. ಬೈಕಿನ ಹಿಂದಿನ ಬ್ಯಾಗಿನಲ್ಲಿ ಕುಲುಕಾಡಿಕೊಂಡು ಊರೆಲ್ಲ ಸುತ್ತಿ ಹೋಗುವ ರಕ್ತ ಹೀಗಾದರೆ ಆಶ್ಚರ್ಯ ಏನಿದೆ? ಹಾಗಾದಾಗ ನಂಬರ್ ಕೊಡದೆ ಹೊಸ ಸ್ಯಾಂಪಲ್ ಕೇಳಬೇಕು, ಅಲ್ವಾ?

ಆಸ್ಪತ್ರೆಯ ಲ್ಯಾಬ್‌ನವರು ಇಂಥದ್ದರಲ್ಲಿ ಎಷ್ಟು ಎಚ್ಚರ ಇರುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ. ಯೂರಿಕ್ ಆಸಿಡ್ ಇಳಿಸಲು ರಾಸ್‌ಬುರಿಕೇಸ್ ಅನ್ನುವ ಇಂಜೆಕ್ಷನ್ ಇದೆ. ಅದು ಕೊಟ್ಟ ಮೇಲೆ ತೆಗೆದ ರಕ್ತವನ್ನು ಐಸ್‌ನಲ್ಲಿಟ್ಟು ತಕ್ಷಣ ಲ್ಯಾಬ್‌ಗೆ ಒಯ್ಯಬೇಕು. ಇಲ್ಲದಿದ್ದರೆ ಔಷಧ ಟ್ಯೂಬಿನೊಳಗೂ ಕೆಲಸ ಮುಂದುವರಿಸಿ ಯೂರಿಕ್ ಆಸಿಡ್ ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ. ಪಕ್ಕದ ಬೆಡ್‌ನವರಿಗೆ ನರ್ಸ್ ಟ್ಯೂಬನ್ನು ಐಸ್ ತುಂಬಿದ ಲೋಟದಲ್ಲಿ ಇಟ್ಟುಕೊಂಡು ಓಡುವುದನ್ನು ನೋಡಿದ್ದೇನೆ. ಆ್ಯಪ್‌ನವರಿಂದ ಇದನ್ನು ನಿರೀಕ್ಷಿಸಬೇಡಿ.

ಇಷ್ಟೆಲ್ಲ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ಅಕ್ಯೂಟ್ ಲ್ಯುಕೇಮಿಯಾದಲ್ಲಿ ಮೊದಲ ತಿಂಗಳೇ ದೊಡ್ಡ ಗಂಡಾಂತರ. ಮುಂದೆ ಕಾಯಿಲೆ ಹೇಗೆ ಸಾಗುತ್ತದೆ ಅನ್ನುವುದಕ್ಕೆ ಜೀನ್ ಪರೀಕ್ಷೆ ಬೇಕು. ಆದರೆ ಮೊದಲ ನಾಲ್ಕು ವಾರ ದಾಟುತ್ತಾರಾ ಅನ್ನುವುದಕ್ಕೆ ಮಾಮೂಲಿ ರಕ್ತ ಪರೀಕ್ಷೆಯೇ ತುಂಬಾ ಹೇಳುತ್ತದೆ. 2011ರಲ್ಲಿ ಅಮೆರಿಕದ ವೈದ್ಯರು ಜೋರಾದ ಕೀಮೋ ಪಡೆದವರನ್ನು ನೋಡಿ 28 ದಿನದೊಳಗಿನ ಸಾವನ್ನು ಅಂದಾಜು ಮಾಡುವ ಲೆಕ್ಕ ಕಟ್ಟಿದರು. ಅದರಲ್ಲಿದ್ದದ್ದು ವಯಸ್ಸು, ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಅನ್ನುವುದು, ಮೊದಲೇ ಬೇರೆ ರಕ್ತದ ಕಾಯಿಲೆ ಅಥವಾ ಕೀಮೋ ಆಗಿತ್ತಾ ಅನ್ನುವುದು, ಆಮೇಲೆ ಪ್ಲೇಟ್‌ಲೆಟ್, ಬಿಳಿ ಕಣ, ರಕ್ತದಲ್ಲಿನ ಬ್ಲಾಸ್ಟ್ (ಬಲಿಯದ ಎಳೆಯ ಕಣ) ಪ್ರಮಾಣ, ಆಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವುದು). ರಕ್ತದ್ದು ಐದೇ, ಯಾವುದೂ ದುಬಾರಿಯಲ್ಲ. ಇದಕ್ಕೆ ಕಣಗಳು ಒಡೆದಾಗ ಏರುವ ಎಲ್‌ಡಿಎಚ್, ಯೂರಿಕ್ ಆಸಿಡ್ ಸೇರಿಸಿಕೊಂಡರೆ ಡಾಕ್ಟರ್ ಪ್ರತಿ ಸಲ ಕೇಳುವ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು.

ಆ್ಯಪ್ ಮಾತ್ರ ಪ್ರತಿ ಸಲ ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್ ಸೇರಿಸಿ ಅಂತ ಕಾಡುತ್ತದೆ. ತೆರೆದು ನೋಡಿದರೆ ಸಿಇಎ, ಸಿಎ 19-9, ಪಿಎಸ್ಎ, ಅಂದರೆ ಕರುಳು, ಪ್ಯಾಂಕ್ರಿಯಾಸ್, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನೋಡುವಂಥವು. ಲ್ಯುಕೇಮಿಯಾಕ್ಕೂ ಇವಕ್ಕೂ ಸಂಬಂಧವೇ ಇಲ್ಲ, ದುಡ್ಡು ದಂಡ. ನಮ್ಮ ಅತ್ತೆ ಗಾಬರಿಯಲ್ಲಿ ಒಮ್ಮೆ ಮಾಡಿಸೇಬಿಡೋಣ ಅಂತ ಹಟ ಹಿಡಿದಿದ್ದರು, ಡಾಕ್ಟರ್ ನಕ್ಕು ಬೇಡ ಅಂದರು.

ಹೊತ್ತಿನ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಎಪಿಎಲ್ ಅನ್ನುವ ಜಾತಿಯ ಲ್ಯುಕೇಮಿಯಾ ನೋಡಿ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ ಅವರ ತಂಡ 1980ರ ದಶಕದಲ್ಲಿ ವಿಟಮಿನ್ ಎ ಜಾತಿಯ ಮಾತ್ರೆ ಎಟಿಆರ್‌ಎ ಕೊಟ್ಟು ಇದರ ದಿಕ್ಕನ್ನೇ ಬದಲಿಸಿತು. ಈಗ ಜೊತೆಗೆ ಆರ್ಸೆನಿಕ್ ಕೊಡುತ್ತಾರೆ. ಮೊದಲ ವಾರಗಳನ್ನು ದಾಟಿದ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಆ ವಾರಗಳಲ್ಲೇ ಮೆದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಸೋರಿ ಸಾಯುವವರಿದ್ದಾರೆ. ಬಿಳಿ ಕಣ 10,000ಕ್ಕಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚು. ಹಾಗಾಗಿ ಅನುಮಾನ ಬಂದರೆ ಸಾಕು, ಜೀನ್ ರಿಪೋರ್ಟಿಗೆ ಕಾಯದೆ ಮಾತ್ರೆ ಶುರು ಮಾಡುತ್ತಾರೆ, ರಕ್ತ ಹೇಗೆ ಹೆಪ್ಪುಗಟ್ಟುತ್ತಿದೆ ಅಂತ ತೋರಿಸುವ ಫೈಬ್ರಿನೋಜನ್, ಪಿಟಿ ಎಲ್ಲ ದಿನಕ್ಕೆ ಹಲವು ಸಲ ನೋಡುತ್ತಾರೆ. ಇಂಥ ಕಡೆ ರಾತ್ರಿ 11ರ ಪಿಡಿಎಫ್ ಇಟ್ಟುಕೊಂಡು ಏನು ಮಾಡುತ್ತೀರಿ?

ಅಂದಹಾಗೆ ದೊಡ್ಡಪ್ಪನ ಕಾಯಿಲೆ ಮೊದಲು ಹಿಡಿದದ್ದು ನಮ್ಮ ಪಕ್ಕದ ರಸ್ತೆಯ ಸಣ್ಣ ಲ್ಯಾಬ್. ಮಷಿನ್ ಮೊನೊಸೈಟ್ (ಬಿಳಿ ಕಣದ ಒಂದು ಬಗೆ) 62% ಅಂತ ತೋರಿಸಿತ್ತಂತೆ. ಎಳೆಯ ಬ್ಲಾಸ್ಟ್ ಕಣಗಳನ್ನು ಮಷಿನ್ ಎಷ್ಟೋ ಸಲ ಮೊನೊಸೈಟ್, ಲಿಂಫೋಸೈಟ್ ಲೆಕ್ಕಕ್ಕೆ ಹಾಕಿಬಿಡುತ್ತದೆ. ಅಲ್ಲಿನ ಪೆಥಾಲಜಿ ಡಾಕ್ಟರಮ್ಮ ಅಷ್ಟಕ್ಕೇ ಬಿಡದೆ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಮಧ್ಯಾಹ್ನವೇ ಫೋನ್ ಮಾಡಿ, "ನಾಳೆ ಅಂತ ಕೂರಬೇಡಿ, ಇವತ್ತೇ ರಕ್ತದ ಕಾಯಿಲೆ ನೋಡುವ ಡಾಕ್ಟರ್ ಹತ್ರ ಹೋಗಿ" ಅಂದರು. ಅವರಿಗೆ ಆ್ಯಪ್ ಇಲ್ಲ, ಗ್ರಾಫ್ ಇಲ್ಲ, ಕಾರ್ಡ್ ಕೂಡ ತೆಗೆದುಕೊಳ್ಳಲ್ಲ. ಐದಕ್ಕೆ ಐದು.

ಹಾಗಾದರೆ ಯಾರು ಯಾವುದನ್ನು ಬಳಸಬೇಕು? ಚಿಕಿತ್ಸೆಯ ಮೊದಲ ತಿಂಗಳು, ಅಥವಾ ಬಿಳಿ ಕಣ ತೀರಾ ಮೇಲೆ ಹೋಗಿರುವಾಗ, ಆಸ್ಪತ್ರೆಯದೇ ಲ್ಯಾಬ್ ಬಿಡಬೇಡಿ, ಎಷ್ಟೇ ದೂರ ಇರಲಿ. ಜ್ವರ 100.4 ಮುಟ್ಟಿದರೆ ಯಾವ ಬುಕಿಂಗೂ ಬೇಡ, ನೇರ ಎಮರ್ಜೆನ್ಸಿ. ಪಿಟಿ, ಫೈಬ್ರಿನೋಜನ್ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್ ಗೆರೆಯವರೆಗೆ ತುಂಬಲೇಬೇಕು, ಅರ್ಧ ತುಂಬಿದರೆ ರಿಪೋರ್ಟ್ ತಪ್ಪುತ್ತದೆ, ಬಂದವರ ಕೈ ನೋಡುತ್ತಿರಿ. ಕಾಯಿಲೆ ಹಿಡಿತಕ್ಕೆ ಬಂದು ಸುಮ್ನೆ ಕೌಂಟ್ ಗಮನಿಸುವ ಹಂತಕ್ಕೆ ಮನೆಗೆ ಬರುವ ಸೇವೆ ಚೆನ್ನಾಗಿ ಒಗ್ಗುತ್ತದೆ. ಬುಕ್ ಮಾಡುವ ಮುಂಚೆ ಮಾತ್ರ, ರಕ್ತ ಯಾವ ಲ್ಯಾಬ್‌ಗೆ ಹೋಗುತ್ತದೆ, ಸ್ಲೈಡ್ ಯಾರು ನೋಡುತ್ತಾರೆ, ಅಪಾಯದ ನಂಬರ್ ಬಂದರೆ ಯಾರು ಫೋನ್ ಮಾಡುತ್ತಾರೆ ಅಂತ ಕೇಳಿ. ಕಸ್ಟಮರ್ ಕೇರ್‌ನವರು ತಡವರಿಸಿದರೆ ಬೇರೆ ಲ್ಯಾಬ್ ನೋಡಿ.

ನಾವು ಪೂರ್ತಿ ಬಿಟ್ಟಿಲ್ಲ. ಈಗ ಬೆಳಿಗ್ಗೆ ಆರೂವರೆಯ ಸ್ಲಾಟ್ ಹಿಡಿಯುತ್ತೇವೆ. ಆ ಹೊತ್ತಿನಲ್ಲಿ ತೆಗೆದರೆ ಊಟದ ಹೊತ್ತಿಗೆ ರಿಪೋರ್ಟ್ ಬರುತ್ತದೆ, ಡಾಕ್ಟರ್ ಇನ್ನೂ ಓಪಿಡಿಯಲ್ಲಿ ಇರುತ್ತಾರೆ.