ಹಳೇ ಸಿಗ್ನಲ್ ಜನರೇಟರ್, ಎಣ್ಣೆ ಡಬ್ಬ, ಹೋಟೆಲ್ ಪೇಜರ್: ನಾಲ್ಕು ವರ್ಷ ಬಳಸಿದ ಮೇಲೆ

ತುಮಕೂರಿನ ಗುಬ್ಬಿ ಗೇಟ್ ಹತ್ತಿರ ನಮ್ಮದೊಂದು ಸಣ್ಣ ರಿಪೇರಿ ಅಂಗಡಿ. ಹೊಟ್ಟೆಪಾಡು ವಾಕಿಟಾಕಿ, ಮೈಕ್ ಸೆಟ್‌ಗಳಿಂದ. ಪೇಜರ್ ಕೆಲಸ ತಂದುಕೊಟ್ಟಿದ್ದು ಕ್ಯಾತ್ಸಂದ್ರದ ಕಡೆಯ ಹೋಟೆಲ್‌ನವರು. ದುಡ್ಡು ಕಟ್ಟಿದಾಗ ಕೈಗೊಂದು ಬಿಲ್ಲೆ ಕೊಡುತ್ತಾರಲ್ಲ, ತಟ್ಟೆ ಇಡ್ಲಿ ರೆಡಿಯಾದರೆ ಗರ್ ಅಂತ ನಡುಗಿ ಕೆಂಪು ದೀಪ ಮಿನುಗಿಸುತ್ತದಲ್ಲ, ಅದೂ ಪೇಜರ್ರೇ. ನನ್ನ ಬಳಿ ಬರುವವು ಪೇಜರಿಗೆ ಸಂದೇಶ ಕಳಿಸುವ ಹಳೇ ಪಾಕ್‌ಸ್ಯಾಗ್ ಪದ್ಧತಿಯವು.

ಇದಕ್ಕೆಂದೇ, ಹೇಳಿದ ರೇಡಿಯೋ ಅಲೆ ಹುಟ್ಟಿಸುವ ಎಚ್‌ಪಿ 8648ಎ ಸಿಗ್ನಲ್ ಜನರೇಟರ್ ಕೊಂಡೆ, ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಬೆಲೆ ಒಂದು ಹಳೇ ಸ್ಕೂಟರಿನಷ್ಟು. ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಕೊಳ್ಳುವವರು ಒಂದು ನೋಡಿಕೊಳ್ಳಿ: 1ಇಪಿ ಅನ್ನೋ ಆಪ್ಷನ್ ಇರಲೇಬೇಕು. ಪೇಜರ್ ಸಂದೇಶ ತಯಾರಿಸುವುದು ಅದೇ. ಅದಿಲ್ಲದಿದ್ದರೆ 1000 ಮೆಗಾಹರ್ಟ್ಸ್‌ವರೆಗೆ ಅಲೆ ಬಿಡುವ ಬರೀ ಡಬ್ಬ. ‘ಎಲ್ಲಾ ಇದೆ ಸಾರ್’ ಅಂತ ಕೊಟ್ಟ ಮೊದಲ ಪೀಸಿನಲ್ಲಿ ಅದಿರಲಿಲ್ಲ. ಬದಲಾಯಿಸಿಕೊಳ್ಳೋಕೆ ಮತ್ತೆರಡು ಸಲ ಓಡಾಡಿದೆ.

ಮೊದಲ ದಿನ ಒಂದು ಬಿಲ್ಲೆಯೂ ಮಿಸುಕಲಿಲ್ಲ. ಫ್ರೀಕ್ವೆನ್ಸಿ ಸರಿ, ಡೀವಿಯೇಶನ್ (ಫ್ರೀಕ್ವೆನ್ಸಿ ಆಚೀಚೆ ಸರಿಯುವ ಅಳತೆ) 4.5 ಕಿಲೋಹರ್ಟ್ಸ್, ಕ್ಯಾಪ್ ಕೋಡ್ (ಪೇಜರಿನ ವಿಳಾಸದ ಸಂಖ್ಯೆ) ಮೂರು ಸಲ ಓದಿ ಹಾಕಿದ್ದೆ. ಕೊನೆಗೆ ರೇಡಿಯೋ ಸಿಗ್ನಲ್ ಹಿಡಿಯುವ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪೇಜರ್ ಸಂಕೇತ ಬಿಡಿಸುವ ಮಲ್ಟಿಮಾನ್-ಎನ್‌ಜಿ ಸಾಫ್ಟ್‌ವೇರ್ ಹಾಕಿಕೊಂಡು ಹೋಟೆಲಿನ ಟ್ರಾನ್ಸ್‌ಮಿಟರ್ ಪಕ್ಕ ಕೂತೆ. ಅದು ಸೆಕೆಂಡಿಗೆ 512 ಬಿಟ್ ವೇಗದಲ್ಲಿ ಕಳಿಸುತ್ತಿತ್ತು, ನಾನು 1200 ಇಟ್ಟಿದ್ದೆ. ಸಾಲದ್ದಕ್ಕೆ ಪೋಲಾರಿಟಿ ಉಲ್ಟಾ. ಪಾಕ್‌ಸ್ಯಾಗ್‌ನಲ್ಲಿ ಒಂದು ಅಂದರೆ ಕೆಳಗಿನ ಫ್ರೀಕ್ವೆನ್ಸಿ, ಸೊನ್ನೆ ಅಂದರೆ ಮೇಲಿನದು. ಇವರ ಯಂತ್ರದಲ್ಲಿ ಅದು ಅದಲು ಬದಲು. ಎರಡನ್ನೂ ಸರಿಮಾಡಿದ್ದೇ ತಡ, ಬೆಂಚ್ ಮೇಲಿದ್ದ ಏಳೂ ಬಿಲ್ಲೆ ಒಂದಾದ ಮೇಲೊಂದು ಕುಣಿದವು. ಡಾಂಗಲ್ ಕೊಳ್ಳುವಾಗ 1 ಪಿಪಿಎಂನ (ಹತ್ತು ಲಕ್ಷಕ್ಕೆ ಒಂದರಷ್ಟೇ ತಪ್ಪುವ) ಟಿಸಿಎಕ್ಸ್‌ಒ, ಅಂದರೆ ಬಿಸಿ-ತಂಪಿಗೆ ಅಷ್ಟಾಗಿ ಅಲುಗದ ಕ್ರಿಸ್ಟಲ್ ಇರುವುದನ್ನೇ ತಗೊಳ್ಳಿ. 450 ಮೆಗಾಹರ್ಟ್ಸ್‌ನಲ್ಲಿ ಅದರ ತಪ್ಪು 450 ಹರ್ಟ್ಸ್ ಒಳಗೇ. 50 ಪಿಪಿಎಂ ತಪ್ಪುವ ಅಗ್ಗದ ಮಾಲಾದರೆ 22.5 ಕಿಲೋಹರ್ಟ್ಸ್, ಅಂದರೆ ಹೆಚ್ಚುಕಮ್ಮಿ ಪಕ್ಕದ ಚಾನಲ್ಲೇ.

ನಿಜವಾದ ಪಾಡು ಇನ್ನೊಂದು. ಪೇಜರಿಗೆ ಆಂಟೆನಾ ಸಾಕೆಟ್ ಇರುವುದಿಲ್ಲ, ಆಂಟೆನಾ ಹೊಟ್ಟೆಯೊಳಗೇ ಇರುತ್ತದೆ. ಕೇಬಲ್ ಎಲ್ಲಿಗೆ ಸಿಕ್ಕಿಸೋದು? ಕಂಪನಿಗಳು ಅದಕ್ಕೇ ಸೂಕ್ಷ್ಮತೆಯನ್ನು ಮೀಟರಿಗೆ ಇಷ್ಟು ಮೈಕ್ರೋವೋಲ್ಟ್ ಅಂತ ಹೇಳುತ್ತವೆ, ಒಳಗೆ ಒಂದೇ ಸಮನಾಗಿ ರೇಡಿಯೋ ಅಲೆ ಹಬ್ಬಿಸುವ ಟೆಮ್ ಸೆಲ್‌ನಂಥ ಲೋಹದ ಪೆಟ್ಟಿಗೆಯಲ್ಲಿ ಅಳೆಯುತ್ತವೆ. ನನ್ನ ಟೆಮ್ ಸೆಲ್ ಅಂದರೆ 15 ಕೆಜಿ ಎಣ್ಣೆ ಡಬ್ಬ. ಒಳಗೆ ಜನರೇಟರಿನ ಕೇಬಲಿಗೆ ಸೇರಿದ ತಾಮ್ರದ ತಂತಿಯ ಒಂದು ಸುತ್ತು, 50 ಓಮ್ ರೆಸಿಸ್ಟರ್, ಮುಚ್ಚಳದ ಅಂಚಿಗೆ ತಾಮ್ರದ ಟೇಪು. ಸಂದು ಬಿಟ್ಟಿದೆಯಾ ನೋಡೋಕೆ ಮೊಬೈಲನ್ನು ಒಳಗಿಟ್ಟು ಫೋನ್ ಮಾಡುತ್ತೇನೆ. ರಿಂಗ್ ಆಯ್ತೋ, ಇನ್ನಷ್ಟು ಟೇಪು. ಇಷ್ಟೆಲ್ಲ ಮುಚ್ಚುವುದು ಅಳತೆ ಅಲುಗಾಡದಿರಲಿ ಅಂತ ಮಾತ್ರವಲ್ಲ, ಲೈಸೆನ್ಸ್ ಇಲ್ಲದೆ ಗಾಳಿಗೆ ಸಿಗ್ನಲ್ ಬಿಟ್ಟರೆ ಅಪರಾಧ.

ಮೊದಲ ತಿಂಗಳು ಒಂದೇ ಪೇಜರ್ ಬೆಳಿಗ್ಗೆ ಒಂದು ಅಳತೆ ಕೊಟ್ಟರೆ ಸಂಜೆ ಇನ್ನೊಂದು. ತಲೆ ಕೆಟ್ಟುಹೋಗಿತ್ತು. ತಪ್ಪು ನನ್ನದೇ, ಬಿಲ್ಲೆಯನ್ನು ಹೆಂಗಂದರೆ ಹಂಗೆ ಇಡುತ್ತಿದ್ದೆ. ಈಗ ಥರ್ಮಾಕೋಲಿನಲ್ಲಿ ಅದರಷ್ಟೇ ಗುಂಡಿ ಕೊರೆದು, ಬಾಣದ ಗುರುತು ಹಾಕಿ ಕೂರಿಸುತ್ತೇನೆ. ಚೆನ್ನಾಗಿರುವ ಒಂದು ಬಿಲ್ಲೆ ಯಾವಾಗಲೂ ಅಂಗಡಿಯಲ್ಲೇ ಇರುತ್ತದೆ. ಮೊದಲು ಅದು, ಆಮೇಲೆ ರೋಗಿ. ಸಿಗ್ನಲ್ ಬಲವನ್ನು ಒಂದೊಂದೇ ಡಿಬಿ (ಡೆಸಿಬೆಲ್) ಇಳಿಸುತ್ತಾ ಹತ್ತು ಸಲ ಕರೆದರೆ ಎಂಟು ಸಲ ಓಗೊಡುವ ಜಾಗ ಬರೆದುಕೊಳ್ಳುತ್ತೇನೆ. ಇಣುಕು ಕಿಂಡಿ ಬೇಕಿಲ್ಲ, ಡಬ್ಬವೇ ಗಡಗಡ ಅನ್ನುತ್ತೆ.

ಒಂದು ಹೋಟೆಲಿನ ಹುಡುಗ ಬಂದು, “ಅಣ್ಣಾ, ಇದು ಕೌಂಟರ್ ತಾವ ಹೊಡ್ಕಂತೈತೆ, ಹುಣಸೆ ಮರದ ಕೆಳಗೋದ್ರೆ ಸತ್ತೋಗ್ತೈತೆ” ಅಂದ. ಹೋಟೆಲಿನವರು ಟ್ರಾನ್ಸ್‌ಮಿಟರ್ ಬದಲಾಯಿಸೋಕೆ ತಯಾರಾಗಿದ್ದರು. ಡಬ್ಬದಲ್ಲಿಟ್ಟರೆ ಚೆನ್ನಾಗಿರುವುದಕ್ಕಿಂತ 14 ಡಿಬಿ ಜಾಸ್ತಿ ಬೇಕಾಯ್ತು. ಬಿಚ್ಚಿದೆ. ಆಂಟೆನಾ ಪಕ್ಕದ ಟ್ರಿಮ್ಮರಿಗೆ (ಟ್ಯೂನ್ ಮಾಡುವ ಪುಟ್ಟ ಕೆಪಾಸಿಟರ್) ಸಾಂಬಾರ್ ಇಳಿದು ಹಸಿರು ಕಟ್ಟಿತ್ತು, ಇಂಗಿನ ವಾಸನೆ ಇನ್ನೂ ಹೋಗಿರಲಿಲ್ಲ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು, ಹೊಸ ಟ್ರಿಮ್ಮರ್ ಕೂರಿಸಿದೆ. ಒಂದು ಡಿಬಿ ಅಂತರಕ್ಕೆ ಬಂತು. ಟ್ರಾನ್ಸ್‌ಮಿಟರ್ ಇದ್ದಲ್ಲೇ ಇದೆ.

ಜನರೇಟರಿನ ಕುಂದು ಅಂದರೆ, ಕೀಗಳ ಮೇಲಿನ ಅಕ್ಷರ ಹಿಂದಿನವರ ಬೆರಳಿಗೇ ಸವೆದುಹೋಗಿದೆ. ಫ್ಯಾನ್ ಸದ್ದು ಇದ್ದೇ ಇದೆ. ಕರೆಂಟ್ ಹೋಗಿ ಬಂದಾಗ ಅಳತೆಯ ನಡುವೆ ಕೈಕೊಟ್ಟಿತ್ತು, ಯುಪಿಎಸ್‌ಗೆ ಹಾಕಿದ ಮೇಲೆ ಆ ಕಾಟವಿಲ್ಲ. ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗೋಕೆ ಬಿಡುತ್ತೇನೆ, ಒಂದು ಟೀ ಕುಡಿದು ಬರುವಷ್ಟು ಹೊತ್ತು.

ತಿಂಗಳಿಗೆ ಒಂದೆರಡು ಪೇಜರ್ ಬರುವವರು ಇಷ್ಟು ದುಡ್ಡು ಸುರಿಯಬೇಡಿ, ಡಾಂಗಲ್ ಮತ್ತು ಒಂದು ಒಳ್ಳೇ ಬಿಲ್ಲೆ ಇದ್ದರೆ ಟ್ರಾನ್ಸ್‌ಮಿಟರ್ ಬದುಕಿದೆಯಾ ಅನ್ನೋದು ಗೊತ್ತಾಗುತ್ತೆ. ನನ್ನಂತೆ ವಾರಕ್ಕೊಂದು ಚೀಲ ಬರುವವರು ಜನರೇಟರ್ ತಗೊಳ್ಳಬಹುದು. ಎಣ್ಣೆ ಡಬ್ಬ ಬೇಕಾದರೆ ಹೋಟೆಲಿನವರೇ ಕೊಡುತ್ತಾರೆ, ಚೆನ್ನಾಗಿ ತೊಳೆದುಕೊಳ್ಳಿ.