ನಾಯಿಗೆ ‘ಮೆಮೊರಿ ಫೋಮ್’ ಹಾಸಿಗೆ ಅಂತ ಮಾರ್ತಿದ್ದಾರೆ, ನಂಬಬೇಡಿ

ತುಮಕೂರಲ್ಲಿ ದೊಡ್ಡ ನಾಯಿ ಸಾಕಿರೋರು ದಯವಿಟ್ಟು ಪೂರ್ತಿ ಓದಿ. ಇಲ್ಲಿನ ಒಂದು ಪೆಟ್ ಅಂಗಡೀಲಿ 3,800 ರೂಪಾಯಿ ಕೊಟ್ಟು ಮೋಸಹೋದೆ. ಲ್ಯಾಬ್ರಡಾರ್‌ಗೆ ಅಂತ 36×27 ಇಂಚಿನ, 4 ಇಂಚು ದಪ್ಪದ ಹಾಸಿಗೆ. ‘ಮೆಮೊರಿ ಫೋಮ್ ಸಾರ್, ಕೈ ಒತ್ತಿ ನೋಡಿ’ ಅಂದ. ಒತ್ತಿದೆ. ಗುರುತು ನಿಧಾನವಾಗಿ ಮೇಲೆದ್ದು ಬಂತು, ಮೆಮೊರಿ ಫೋಮ್ ಅಂದ್ರೆ ಹಂಗೇ ಬರಬೇಕು. ಆದರೆ ಅವನು ಒತ್ತಿಸಿದ್ದು ಅಂಚಿನ ದಿಂಬನ್ನ! ಮಧ್ಯಕ್ಕೆ ಕೈ ಹೋಗೋಕೇ ಬಿಡಲಿಲ್ಲ. ನಾಯಿ ಮಲಗೋದು ಮಧ್ಯದಲ್ಲಿ ತಾನೆ?

ಹನ್ನೆರಡೇ ದಿನಕ್ಕೆ ಮಧ್ಯ ಕುಸೀತು. ಜಿಪ್ ಇಲ್ಲ, ಹೊಲಿಗೆ ಬಿಚ್ಚಿ ಒಳಗೆ ನೋಡಿದೆ. ಬಣ್ಣಬಣ್ಣದ ಫೋಮ್ ಚೂರು, ಬಟ್ಟೆ ಚಿಂದಿ. ಅಂಚಿಗೆ ಮಾತ್ರ ಒಂದು ಪಟ್ಟಿ ಒಳ್ಳೇ ಫೋಮ್. ಅದನ್ನ ನೋಡಿದಾಗ ಆದ ಅವಮಾನ ಹೇಳತೀರದು. ಚೂರು ತುಂಬಿದ್ದು ಭಾರ ಬಿದ್ದ ಕಡೆಯಿಂದ ಪಕ್ಕಕ್ಕೆ ಸರಿಯತ್ತೆ, ನಾಯಿಯ ಮೊಣಕೈ ನೆಲಕ್ಕೇ ಒತ್ತತ್ತೆ. ಅಲ್ಲಿ ಕೂದಲು ಉದುರಿ ಚರ್ಮ ದಡ್ಡುಗಟ್ಟತ್ತೆ, ಭಾರದ ನಾಯಿಗಳಿಗೆ ನೀರು ತುಂಬಿದ ಊತವೂ ಬರತ್ತೆ.

ಅಂಗಡಿಯವನು ಏನಂದ ಗೊತ್ತಾ? ಮೊದಲು, ‘ಕಂಪನಿಯಿಂದಲೇ ಹಂಗೆ ಬರೋದು’. ಆಮೇಲೆ, ‘ಕೂದಲು ಅಂಟಿದೆ, ವಾಪಸ್ ತಗೊಳಲ್ಲ’. ಕೊನೆಗೆ, ‘ನಾಯಿಗೆ ತಾನೆ ಸಾರ್, ಅದಕ್ಕೇನು ಗೊತ್ತಾಗತ್ತೆ’. ನಾಯಿಗೆ ತಾನೆ ಅಂತೆ! ಹಾಸಿಗೆ ಬಿಟ್ಟು ಬರೀ ನೆಲದ ಮೇಲೆ ಮಲಗ್ತಿತ್ತಲ್ಲ, ಗೊತ್ತಾಗದೇ ಇರತ್ತಾ?

ಅಂಗಡೀಲೇ ಮಧ್ಯಕ್ಕೆ ಮಂಡಿಯೂರಿ ಭಾರ ಬಿಡಿ. ಮಂಡಿಗೆ ನೆಲ ತಗುಲಿದ್ರೆ ಎದ್ದು ಬನ್ನಿ. ತೂಕ ಹಾಕಿಸಿ: ನನ್ನ ಹಾಸಿಗೆ ಅಳತೆಗೆ 40 ಡೆನ್ಸಿಟಿ (ಅಂದ್ರೆ ಘನ ಮೀಟರ್‌ಗೆ 40 ಕೇಜಿ ತೂಗೋ) ಫೋಮ್ ಒಂದೇ ಸುಮಾರು ಎರಡೂವರೆ ಕೇಜಿ ಬರಬೇಕು. ನನಗೆ ಕೊಟ್ಟಿದ್ದು ಹೊದಿಕೆ ಸಮೇತ ಒಂದೂವರೆ ಕೇಜಿ ಚಿಲ್ಲರೆ! ಜಿಪ್ ಇಲ್ಲದ್ದು ಬೇಡವೇ ಬೇಡ. ಒಗೆಯೋಕಾಗಲ್ಲ, ರಕ್ತ ಹೀರೋ ಉಣ್ಣಿ ಹುಳ ಹೊಲಿಗೆ ಸಂದಿ ಸೇರಿಕೊಳ್ಳತ್ತೆ.

ಇದಕ್ಕಿಂತ ಸೋಫಾ ಕುಷನ್ ಮಾಡೋರ ಹತ್ರ ಹೋಗಿ. 40 ಡೆನ್ಸಿಟಿಯ ಒಂದೇ ಶೀಟು ಕಣ್ಣೆದುರೇ ಕತ್ತರಿಸಿಕೊಡ್ತಾರೆ. ಉಚ್ಚೆ ಇಳೀದಂಗೆ ಒಳಗೊಂದು ರೆಕ್ಸಿನ್ ಕವರ್, ಮೇಲೆ ಜಿಪ್ ಹಾಕಿದ ದಪ್ಪ ಹತ್ತಿ ಬಟ್ಟೆ. ಎರಡು ಹೊರಕವರ್ ಹೊಲಿಸಿ, ಒಂದು ಒಗೆದಾಗ ಇನ್ನೊಂದು. ನಾಯಿ ಕಾಲು ಚಾಚಿ ಮಲಗಿದಾಗ ಮೂಗಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕೆ ಆರು ಇಂಚು ಸೇರಿಸಿ, ಅದೇ ಹಾಸಿಗೆಯ ಉದ್ದ.

ಎಲ್ಲಿ ತಗೊಂಡ್ರೂ ಬಿಲ್ ಕೇಳಿ, ಒಳಗಿರೋದು ಯಾವ ಫೋಮ್ ಅಂತ ಅದರಲ್ಲೇ ಬರೆಸಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಕೂ ಏನಾದ್ರೂ ಆಧಾರ ಬೇಕು. ನನ್ನ ಕೈಲಿರೋದು ಒಂದು ಬಿಳಿ ಚೀಟಿ. ಅದರಲ್ಲಿ ಇರೋದು ‘ಡಾಗ್ ಬೆಡ್ 1’ ಅಂತ, ಅಷ್ಟೇ.