ಬೆಣ್ಣೆ ದೋಸೆ ಊರಿನಲ್ಲಿ ಕೌಚ್ ಟು 5ಕೆ: ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಕೌಚ್ ಟು 5ಕೆ ಅಂದರೆ ಸೋಫಾ ಬಿಟ್ಟೇಳದವರನ್ನೂ ಮೆಲ್ಲಗೆ 5 ಕಿಲೋಮೀಟರ್ ಓಟಕ್ಕೆ ತರುವ ಪ್ಲ್ಯಾನ್. ಓಟ ಕಲಿಯೋಕೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಆದರೆ ಬರೀ ತೂಕ ಇಳಿಸೋಕೆ ಅಂತ ಇದನ್ನು ಹಿಡಿದರೆ ನಿರಾಸೆ ಗ್ಯಾರಂಟಿ. ನಮ್ಮ ಕಡೆ ಬಹಳ ಜನ ಶುರು ಮಾಡೋದೇ ತೂಕಕ್ಕಾಗಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ದಾವಣಗೆರೆಯವಳು, ನಲವತ್ತು ದಾಟಿದೆ, ದಿನವಿಡೀ ಕೂತು ಮಾಡುವ ಕೆಲಸ, ಸ್ಕೂಲು ಬಿಟ್ಟ ಮೇಲೆ ಬಸ್ ಹಿಡಿಯೋಕೆ ಬಿಟ್ಟರೆ ಬೇರೆ ಯಾವುದಕ್ಕೂ ಓಡಿದವಳಲ್ಲ. ಆ ಲೆಕ್ಕದಲ್ಲೇ ಓದಿಕೊಳ್ಳಿ.

ಪ್ಲ್ಯಾನ್ ಹಳೆಯದು. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕದವರು ಐವತ್ತು ದಾಟಿದ ತಮ್ಮ ತಾಯಿಗೆ ಓಟದ ರೂಢಿ ಮಾಡಿಸೋಕೆ ಅಂತ ಬರೆದದ್ದು. ಆಮೇಲೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದನ್ನು ಕೈಗೆತ್ತಿಕೊಂಡು ಮೊದಲು ಪಾಡ್‌ಕಾಸ್ಟ್, ನಂತರ ಆ್ಯಪ್ ಮಾಡಿತು. ಆ ಆ್ಯಪ್‌ನಲ್ಲಿ ಧೈರ್ಯ ಹೇಳಿದ ದನಿಗಳಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಮೈಕಲ್ ಜಾನ್ಸನ್ ಅವರದ್ದೂ ಒಂದು. ಅಷ್ಟು ದೊಡ್ಡ ಓಟಗಾರ ನಮಗೆ ಒಂದು ನಿಮಿಷ ಓಡಿ ಸಾಕು ಅಂತ ಹೇಳೋದು, ಮಜಾ ಅಲ್ವಾ?

ಒಂದು ನಿಮಿಷ ಅಂತ ನಾನು ತಮಾಷೆಗೆ ಹೇಳಿದ್ದಲ್ಲ. ಒಟ್ಟು 9 ವಾರ, ವಾರಕ್ಕೆ 3 ದಿನ, ನಡುವೆ ಒಂದು ದಿನವಾದರೂ ಬಿಡುವು. ಮೊದಲ ವಾರ 5 ನಿಮಿಷ ಬಿರುಸಾಗಿ ನಡೆದ ಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಎರಡನೇ ವಾರ ಓಟ 90 ಸೆಕೆಂಡಿಗೆ ಏರುತ್ತದೆ. ಮೂರನೇ ವಾರ 3 ನಿಮಿಷದ ಓಟ ಬರುತ್ತದೆ, ನಾಲ್ಕರಲ್ಲಿ 5 ನಿಮಿಷದ್ದು. ಕೊನೆಯ ವಾರ ನಿಲ್ಲದೆ 30 ನಿಮಿಷ. ಇಷ್ಟೇ. ಕಾಗದದ ಮೇಲೆ ನೋಡಿದರೆ ಇದಕ್ಕೆ ಪ್ಲ್ಯಾನ್ ಬೇರೆ ಬೇಕಾ ಅನ್ನಿಸುತ್ತದೆ.

ಬೇಕು. ಯಾಕೆ ಅಂದರೆ, ನಮ್ಮಲ್ಲಿ ಓಟ ಶುರು ಮಾಡುವವರು ಸಾಮಾನ್ಯವಾಗಿ ಮಾಡೋದು ಹೀಗೆ: ಹೊಸ ವರ್ಷಕ್ಕೋ ಯುಗಾದಿಗೋ ಹೊಸ ಶೂ ತಗೊಂಡು, ಮೊದಲ ದಿನವೇ ಮೈದಾನ ಸುತ್ತು ಹಾಕಿ, ಎರಡನೇ ಸುತ್ತಿಗೆ ಉಸಿರು ಮೇಲೆ ಕೆಳಗೆ ಆಗಿ, ಮರುದಿನ ಮೆಟ್ಟಿಲು ಇಳಿಯೋಕೂ ಆಗದೆ, ಓಟ ನಮ್ಮ ದೇಹಕ್ಕೆ ಒಗ್ಗಲ್ಲ ಕಣ್ರೀ ಅಂತ ತೀರ್ಮಾನ ಮಾಡಿಬಿಡೋದು. ದೇಹಕ್ಕೆ ಒಗ್ಗದ್ದು ಓಟ ಅಲ್ಲ, ಅವಸರ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳಿಗೆ ಜಾಸ್ತಿ ಸಮಯ ಬೇಕು. ಮೂರನೇ ವಾರಕ್ಕೆ ಉಸಿರು ಸಲೀಸಾಗಿ, ಈಗ ಇನ್ನೂ ಓಡಬಹುದು ಅನ್ನಿಸುವ ಹೊತ್ತಿಗೇ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ನೋಯೋಕೆ ಶುರುವಾಗೋದು ಇದಕ್ಕೇ. ಪ್ಲ್ಯಾನಿನ ನಿಜವಾದ ಬೆಲೆ ಇರೋದು ಅದು ಓಡಿಸುವುದರಲ್ಲಿ ಅಲ್ಲ, ನಿಲ್ಲಿಸುವುದರಲ್ಲಿ. ಅಂದಿನದು ಮುಗಿಯಿತು, ಮನೆಗೆ ಹೋಗಿ ಅನ್ನುತ್ತದೆ. ಮಾತು ಕೇಳಬೇಕು.

ವೇಗದ ಬಗ್ಗೆ ಒಂದೇ ನಿಯಮ ಸಾಕು. ಓಡುವಾಗ ಪಕ್ಕದವರ ಜೊತೆ ಒಂದು ವಾಕ್ಯ ಮಾತಾಡೋಕೆ ಆಗಬೇಕು. ಆಗದಿದ್ದರೆ ಜೋರಾಯಿತು ಅಂತ ಅರ್ಥ. ಬೆಳಿಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯುವ ಅಜ್ಜಂದಿರು ನನ್ನನ್ನು ಆರಾಮಾಗಿ ದಾಟಿ ಹೋಗುತ್ತಾರೆ. ಒಬ್ಬರಂತೂ ದಾಟುವಾಗ ಪ್ರತಿ ಸಲ ಸ್ವಲ್ಪ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಇರಲಿ.

ಈಗ ದೂರು. ಐದನೇ ವಾರ ಇದೆಯಲ್ಲ, ಅದು ಬಹಳ ಜನರನ್ನು ಕಂಗೆಡಿಸುತ್ತದೆ. ಮೊದಲ ದಿನ 5 ನಿಮಿಷದ ಮೂರು ಓಟ. ಎರಡನೇ ದಿನ 8 ನಿಮಿಷದ ಎರಡು. ಮೂರನೇ ದಿನ ಇದ್ದಕ್ಕಿದ್ದಂತೆ ನಿಲ್ಲದೆ 20 ನಿಮಿಷ! ಶೆಡ್ಯೂಲ್ ನೋಡಿದಾಗ ಪ್ರಿಂಟ್ ಮಿಸ್ಟೇಕ್ ಇರಬೇಕು ಅನ್ನಿಸಿತ್ತು. ಓಡಿದ ಮೇಲೆ ಗೊತ್ತಾಗುತ್ತದೆ, ದೇಹ ಆಗಲೇ ತಯಾರಾಗಿದೆ, ಹೆದರಿಕೆ ಇರೋದು ತಲೆಯಲ್ಲಿ ಅಂತ. ಆದರೂ ನನ್ನ ಅಭಿಪ್ರಾಯದಲ್ಲಿ ನಲವತ್ತು ದಾಟಿದವರು, ತೂಕ ಜಾಸ್ತಿ ಇರುವವರು ನಾಲ್ಕನೇ ವಾರವನ್ನೇ ಇನ್ನೊಂದು ಸಲ ಮಾಡಿ ಐದಕ್ಕೆ ಹೋಗೋದು ವಾಸಿ. 9 ವಾರ ಅನ್ನೋದು ಕೋರ್ಟಿನ ವಾಯಿದೆ ಅಲ್ಲ, 14 ವಾರ ಆದರೂ ಯಾರೂ ಕೇಳುವುದಿಲ್ಲ.

ಎರಡನೇ ದೂರು ಹೆಸರಿನದ್ದೇ. ಹೆಸರು 5ಕೆ, ಕೊನೆಗೆ ಸಿಗೋದು 30 ನಿಮಿಷದ ಓಟ. 30 ನಿಮಿಷಕ್ಕೆ 5 ಕಿಲೋಮೀಟರ್ ಆಗಬೇಕಾದರೆ ಕಿಲೋಮೀಟರಿಗೆ 6 ನಿಮಿಷದ ವೇಗ ಬೇಕು. ಹೊಸಬರಿಗೆ ಅದು ಸಣ್ಣ ವೇಗ ಅಲ್ಲ. 7.5 ನಿಮಿಷಕ್ಕೆ ಒಂದು ಕಿಲೋಮೀಟರ್ ಓಡುವವರು ಕೊನೆಯ ದಿನ 4 ಕಿಲೋಮೀಟರ್ ಹತ್ತಿರ ಇರುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳೋದು ಬೇಡ. ಅದೇ ವೇಗದಲ್ಲಿ ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತಾ ಹೋದರೆ 5 ತಾನಾಗಿ ಬರುತ್ತದೆ.

ಆ್ಯಪ್‌ಗಳ ವಿಷಯ. ಇದೇ ಪ್ಲ್ಯಾನ್ ಹಾಕಿಕೊಂಡು ಬೇರೆ ಬೇರೆಯವರು ಮಾಡಿದ ಆ್ಯಪ್‌ಗಳು ಫೋನಿನಲ್ಲಿ ಹುಡುಕಿದರೆ ಸಾಲುಸಾಲು ಬರುತ್ತವೆ. ನಾನು ಹಾಕಿಕೊಂಡಿದ್ದ ಒಂದರಲ್ಲಿ (ಹೆಸರು ಬೇಡ) ಮೊದಲ ಕೆಲವು ವಾರ ಫ್ರೀ, ಆಮೇಲೆ ದುಡ್ಡು ಕಟ್ಟಿ ಅಂತ ಕೂತುಕೊಂಡಿತು. ಅದೂ ಓಟದ ನಡುವೆ ಜಾಹೀರಾತು, ಯಾವುದೋ ರಮ್ಮಿ ಆಟದ್ದು, ಕಿವಿ ಹರಿದು ಹೋಗುವ ಹಾಗೆ. ಅಳಿಸಿ ಹಾಕಿದೆ. ಈಗ ಶೆಡ್ಯೂಲ್ ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ, ಫೋನಿನಲ್ಲಿ ಒಂದು ಸಾದಾ ಟೈಮರ್ ಇದೆ. ಏನೂ ಕಡಿಮೆ ಆಗಲಿಲ್ಲ. ಕನ್ನಡದಲ್ಲಿ ಯಾರಾದರೂ ಚೆನ್ನಾಗಿ ದನಿ ಕೊಟ್ಟು ಇಂಥದ್ದು ಮಾಡಿದರೆ ನಮ್ಮಮ್ಮನ ವಯಸ್ಸಿನವರಿಗೂ ಎಷ್ಟು ಅನುಕೂಲ!

ಶೂಗೂ ಜಾಸ್ತಿ ಸುರಿಯಬೇಕಾಗಿಲ್ಲ. ಅಂಗಡಿಯೊಂದರಲ್ಲಿ ನಾನು ಕಾಲು ಇಡುವ ರೀತಿ ಸರಿಯಿಲ್ಲ ಅಂತ ಹೆದರಿಸಿ ಐದಂಕಿಯ ಶೂ ತೋರಿಸಿದರು, ನಮಸ್ಕಾರ ಹೇಳಿ ಬಂದೆ. ಓಟಕ್ಕೆ ಅಂತಲೇ ಮಾಡಿದ, ಹಾಕಿದ ಕೂಡಲೇ ಹಿತ ಅನ್ನಿಸುವ, ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಇರುವ ಸಾಧಾರಣ ಶೂ ಸಾಕು. ಹೆಂಗಸರಿಗೆ ಶೂಗಿಂತ ಮುಖ್ಯವಾದದ್ದು ಒಳ್ಳೆಯ ಸ್ಪೋರ್ಟ್ಸ್ ಬ್ರಾ. ಇದನ್ನು ಯಾವ ಗಂಡಸರ ರಿವ್ಯೂನಲ್ಲೂ ಬರೆದಿರೋಲ್ಲ. ಅಲ್ಲಿ ಉಳಿಸೋಕೆ ಹೋಗಬೇಡಿ.

ಪ್ಲ್ಯಾನ್ ಬರೆದವರಿಗೆ ನಮ್ಮ ಬೀದಿ ನಾಯಿಗಳ ಪರಿಚಯ ಇದ್ದಂತಿಲ್ಲ. ಟೈಮರ್ ಓಡು ಅಂದಾಗಲೇ ಎದುರಿಗೆ ಮೂರು ನಾಯಿ ನಿಂತಿರುತ್ತವೆ. ಓಡಬೇಡಿ, ನಡೆಯಿರಿ, ನೇರ ಕಣ್ಣಿಟ್ಟು ನೋಡಬೇಡಿ, ದಾಟಿದ ಮೇಲೆ ಆ ಸೆಕೆಂಡುಗಳನ್ನು ತುಂಬಿಕೊಳ್ಳಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿಸಿ, ಅರಿಶಿನ ಹಚ್ಚಿ ಸುಮ್ನೆ ಕೂರಬೇಡಿ. ಇನ್ನು ಜನ. ಹೆಂಗಸು ನಡೆದರೆ ವಾಕಿಂಗ್, ಓಡಿದರೆ "ಏನಾಯ್ತು ಮೇಡಂ?" ಮೊದಮೊದಲು ಉತ್ತರ ಕೊಡುತ್ತಿದ್ದೆ. ಈಗ ಕೈ ಬೀಸಿ ಮುಂದೆ ಹೋಗುತ್ತೇನೆ. ಅವರಿಗೂ ರೂಢಿಯಾಗಿದೆ.

ಸರಿ, ತೂಕಕ್ಕೆ ಬರೋಣ. ಓಟದಲ್ಲಿ ಖರ್ಚಾಗೋದು ಅಂದಾಜು ಒಂದು ಕಿಲೋಮೀಟರಿಗೆ, ನಮ್ಮ ತೂಕದ ಪ್ರತಿ ಕೆಜಿಗೆ, 1 ಕ್ಯಾಲೊರಿ. 70 ಕೆಜಿ ಇರುವವರು 3 ಕಿಲೋಮೀಟರ್ ಓಡಿದರೆ 210. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ಸುಮಾರು 100 ಕ್ಯಾಲೊರಿ ಇದೆ. ನಮ್ಮೂರಿನ ಬೆಣ್ಣೆ ದೋಸೆಗೆ ಹಂಚಿನ ಮೇಲೆ ಎಷ್ಟು ಬೀಳುತ್ತದೆ, ತಟ್ಟೆಗೆ ಬಂದ ಮೇಲೆ ಎಷ್ಟು ಮೇಲಿಡುತ್ತಾರೆ ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಾ? ದೋಸೆ, ಪಲ್ಯ, ಚಟ್ನಿ ಎಲ್ಲಾ ಬಿಡಿ, ಬೆಣ್ಣೆ ಒಂದೇ ಅವತ್ತಿನ ಓಟವನ್ನು ನುಂಗಿಬಿಡುತ್ತದೆ. ಓಡಿ ಬಂದವರಿಗೆ ಹಸಿವೂ ಜಾಸ್ತಿ, ಇವತ್ತು ಓಡಿದ್ದೀನಲ್ಲ ಅನ್ನುವ ಧೈರ್ಯವೂ ಜಾಸ್ತಿ. ಕೆರೆಯಿಂದ ನೇರವಾಗಿ ದೋಸೆ ಹೋಟೆಲಿಗೆ ಹೋಗುವ ಗುಂಪುಗಳು ನಮ್ಮಲ್ಲಿವೆ, ವರ್ಷಗಟ್ಟಲೆ ನಡೆಯುತ್ತಿದ್ದಾರೆ, ಹೊಟ್ಟೆ ಹಾಗೇ ಇದೆ. ಪುಣ್ಯಾತ್ಮರು ಖುಷಿಯಾಗಿದ್ದಾರೆ, ಅದು ಬೇರೆ ಮಾತು.

ಪ್ಲ್ಯಾನಿನಲ್ಲಿ ಊಟದ ಬಗ್ಗೆ ಒಂದು ಸಾಲೂ ಇಲ್ಲ. ಅದು ಕೊರತೆ ಅಂತ ನಾನು ಹೇಳಲ್ಲ, ಅದರ ಕೆಲಸ ಓಡಿಸೋದು ಅಷ್ಟೇ. ತೂಕ ಇಳಿಸಬೇಕಾದವರು ಇನ್ನರ್ಧ ಕೆಲಸ ಅಡುಗೆಮನೆಯಲ್ಲಿ ಮಾಡಬೇಕು. ಅದಕ್ಕೆ ಓಟ್ಸು, ಕ್ವಿನೋವಾ, ಪುಡಿ ಡಬ್ಬ ಏನೂ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ತಿರುಳು ಸರಳ: ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಹಣ್ಣು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು ಮತ್ತಿತರ ಎಲ್ಲವೂ. ನಮ್ಮ ತಟ್ಟೆ ಇದರ ಉಲ್ಟಾ ಇರುತ್ತದೆ. ಅನ್ನದ ಗುಡ್ಡ, ಪಕ್ಕದಲ್ಲಿ ಒಂದು ಚಮಚ ಪಲ್ಯ. ಬದಲಿಸಬೇಕಾದ್ದು ಅಡುಗೆಯನ್ನಲ್ಲ, ಅಳತೆಯನ್ನು.

ಇಲ್ಲಿ ಒಂದು ನಂಬಿಕೆ ಮುರಿಯಲೇಬೇಕು. ಮುದ್ದೆ ಉಂಡರೆ ಸಣ್ಣ ಆಗ್ತಾರೆ, ಅನ್ನ ಉಂಡರೆ ದಪ್ಪ ಆಗ್ತಾರೆ ಅಂತ. 100 ಗ್ರಾಂ ರಾಗಿ ಹಿಟ್ಟು, 100 ಗ್ರಾಂ ಅಕ್ಕಿ, ಎರಡರಲ್ಲೂ ಕ್ಯಾಲೊರಿ 300ರ ಮೇಲೆಯೇ, ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯ ಲಾಭ ನಾರಿನಲ್ಲಿದೆ, ಕ್ಯಾಲ್ಸಿಯಂನಲ್ಲಿದೆ, ಹೊಟ್ಟೆ ತುಂಬಿದ ಭಾವ ಜಾಸ್ತಿ ಹೊತ್ತು ಇರುತ್ತದೆ. ಎರಡು ದೊಡ್ಡ ಮುದ್ದೆ ಹೊಡೆದು ಮೇಲೆ ಅನ್ನ ಸಾರು ಕೂಡ ಉಂಡರೆ ರಾಗಿಯಾದರೂ ಏನು ಮಾಡೀತು? ಒಂದು ಮುದ್ದೆ, ಜೊತೆಗೆ ಬಟ್ಟಲು ತುಂಬಾ ಸೊಪ್ಪು ಕಾಳಿನ ಸಾರು. ಅಥವಾ ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ಪಕ್ಕದಲ್ಲಿ ಹಸಿ ಮೂಲಂಗಿ, ಸೌತೆಕಾಯಿ, ಮೆಂತ್ಯ ಸೊಪ್ಪು, ಈರುಳ್ಳಿ. ಶೇಂಗಾ ಚಟ್ನಿಪುಡಿ ಮಾತ್ರ ಕೈ ಹಿಡಿದು ಹಾಕಿಕೊಳ್ಳಿ, ಮೇಲೆ ಎಣ್ಣೆ ಹುಯ್ಯುವುದನ್ನೂ.

ನನಗೆ ನಿಜವಾಗಿ ಕಷ್ಟ ಆಗಿದ್ದು ಊಟ ಅಲ್ಲ, ಸಂಜೆ. ಐದೂವರೆಗೆ ಆಫೀಸಿನಲ್ಲಿ ಯಾರೋ ಒಬ್ಬರು ಮಂಡಕ್ಕಿ ಮಿರ್ಚಿ ತರಿಸುತ್ತಾರೆ. ಮಂಡಕ್ಕಿ ಪಾಪದ್ದು, ಹಗುರ. ಮಿರ್ಚಿ ಎಣ್ಣೆ ಕುಡಿದಿರುತ್ತದೆ. ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ, ಕೊತ್ತಂಬರಿ, ನಿಂಬೆಹಣ್ಣು ಹಿಂಡಿ ತಿಂದು ಮಿರ್ಚಿಯನ್ನು ವಾರಕ್ಕೊಮ್ಮೆ ಮಾಡಿಕೊಂಡೆ. ಚಹಾದ ಸಕ್ಕರೆ ಅರ್ಧಕ್ಕೆ ಇಳಿಸಿದೆ, ನಾಲಿಗೆ ಸ್ವಲ್ಪ ದಿನ ಗಲಾಟೆ ಮಾಡಿ ಸುಮ್ಮನಾಯಿತು. ಬೆಣ್ಣೆ ದೋಸೆ ಬಿಟ್ಟಿಲ್ಲ. ಬಿಡುವ ಯೋಚನೆಯೂ ಇಲ್ಲ. ಭಾನುವಾರ ಒಂದು, ಮನೆಯವರ ಜೊತೆ ಕೂತು, ಅವತ್ತು ಓಟದ ಲೆಕ್ಕ ಅದಕ್ಕೆ ಜೋಡಿಸೋದಿಲ್ಲ. ನಮ್ಮೆಜಮಾನರು ಓಡೋದಿಲ್ಲ, ಆದರೆ ದೋಸೆಗೆ ತಪ್ಪದೆ ಬರುತ್ತಾರೆ.

ಫಲಿತಾಂಶ? ತಕ್ಕಡಿ ಮೊದಲ ತಿಂಗಳು ಅಲುಗಾಡಲೇ ಇಲ್ಲ. ಹೊಸದಾಗಿ ವ್ಯಾಯಾಮ ಶುರು ಮಾಡಿದಾಗ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ, ಹಾಗಾಗಿ ಕೊಬ್ಬು ಕರಗಿದರೂ ಮುಳ್ಳು ತೋರಿಸುವುದಿಲ್ಲ. ಅದಕ್ಕೇ ಟೇಪ್ ಹಿಡಿದು ಸೊಂಟ ಅಳೆಯಿರಿ. ನಮ್ಮ ಭಾರತೀಯರ ಕೊಬ್ಬು ಹೊಟ್ಟೆಯಲ್ಲಿ ಸೇರುವುದು ಜಾಸ್ತಿ, ನಮಗೆ ಹಾಕಿದ ಗೆರೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ನನ್ನ ಚೂಡಿದಾರ್‌ಗಳು ಸಡಿಲವಾದವು, ಆಮೇಲೆ ತೂಕವೂ ನಿಧಾನಕ್ಕೆ ನಾಲ್ಕು ಕೆಜಿ ಹತ್ತಿರ ಇಳಿಯಿತು. ಅದಕ್ಕಿಂತ ಖುಷಿ ಕೊಟ್ಟದ್ದು ರಾತ್ರಿ ನಿದ್ದೆ, ಮತ್ತೆ ಮೂರನೇ ಮಹಡಿಗೆ ತರಕಾರಿ ಚೀಲ ಹಿಡಿದು ಹತ್ತಿದಾಗ ನಿಲ್ಲದೇ ಹೋದದ್ದು.

ಯಾರಿಗೆ ಬೇಡ: ಎದೆನೋವು, ತಲೆ ಸುತ್ತು ಬರುವವರು ಮೊದಲು ಡಾಕ್ಟರ ಹತ್ತಿರ ಹೋಗಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಕೇಳಿಕೊಂಡೇ ಶುರು ಮಾಡಿ, ಖಾಲಿ ಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ಕುಸಿಯಬಹುದು. ಮಂಡಿ ಸವೆದಿದೆ ಅಂತ ಆಗಲೇ ಹೇಳಿಸಿಕೊಂಡವರೂ ಮೊದಲು ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ನಡಿಗೆಯೇ ಸಾಕು.

ನನ್ನ ಅಂಕ: ಓಟ ಕಲಿಸೋಕೆ 5ಕ್ಕೆ 4.5, ಅರ್ಧ ಕಳೆದದ್ದು ಐದನೇ ವಾರಕ್ಕೆ. ತೂಕಕ್ಕೆ 5ಕ್ಕೆ 2, ಊಟ ನೀವೇ ನೋಡಿಕೊಂಡರೆ 4. ಮಾರ್ಚ್ ಏಪ್ರಿಲ್‌ನಲ್ಲಿ ಮಾತ್ರ ಶುರು ಮಾಡಬೇಡಿ, ನಮ್ಮ ಕಡೆಯ ಬಿಸಿಲಿಗೆ ಬೆಳಿಗ್ಗೆ ಏಳು ಗಂಟೆಗೇ ತಲೆ ಕಾಯುತ್ತದೆ. ದೀಪಾವಳಿ ಮುಗಿದ ವಾರ ಹಿಡಿದರೆ ಚಳಿಗಾಲ ಪೂರ್ತಿ ಕೈಗೆ ಸಿಗುತ್ತದೆ, ಸಂಕ್ರಾಂತಿ ಹೊತ್ತಿಗೆ ಒಂಬತ್ತನೇ ವಾರ ಮುಗಿದಿರುತ್ತದೆ.